ಅಜ್ಜಿಯ ಕೆಮ್ಮು ಇದ್ದ ಪಾಠ

ವಸೀಲಾ ಬಾಣಲೆಗೆ ಬ್ರಿಕ್ ಬಿಡುತ್ತಿದ್ದಾಗ ಮಗಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ಅವರು ನಂಬಲಿಲ್ಲ, ಉಮ್ಮಿ" ಎಂದಳು.

"ಯಾರು?"

"ನಾನು ಕೆಲಸ ಕೇಳಿದ್ನಲ್ಲ, ತೂನಿಸ್‌ನ ಕಂಪನಿಯವರು. ಇನ್ಯಾರು?"

ಉಪವಾಸ ಬಿಡುವ ಹೊತ್ತು ಹತ್ತಿರವಾಗಿತ್ತು. ತೆಳು ಹಿಟ್ಟಿನ ಹಾಳೆ ಎಣ್ಣೆಯಲ್ಲಿ ಗುಳ್ಳೆಯೇಳುತ್ತಿತ್ತು. ಒಳಗಿನ ಮೊಟ್ಟೆ ಗಟ್ಟಿಯಾಗುವುದರೊಳಗೆ ಎತ್ತಬೇಕು. ವಸೀಲಾ ಜಾಲರಿ ಸೌಟು ಹಿಡಿದು ಕಾಯುತ್ತಲೇ, "ಏನಂದ್ರು?" ಎಂದಳು.

"ಕೆಲಸ ಚೆನ್ನಾಗಿದೆ ಅಂದ್ರು. ಆಮೇಲೆ, ಆ್ಯಪಿನ ಮೇಲೆ ನಿಮ್ಮಣ್ಣನ ಹೆಸರಿದೆಯಲ್ಲ, ಅಣ್ಣನ ಕೆಲಸಾನ ನಿಮ್ಮದು ಅಂತ ತೋರಿಸ್ತಿದ್ದೀರಾ ಅಂತ ಕೇಳಿದ್ರು. ಕೋಡ್ ಪೂರ್ತಿ ನನ್ನ ಹತ್ರ ಇದೆ ಅಂತ ಕಳಿಸಿದೆ. ಅದನ್ನ ಬರೆದ ಲ್ಯಾಪ್‌ಟಾಪಲ್ಲೂ ಅವನ ಹೆಸರೇ ಇದೆಯಲ್ಲಮ್ಮಾ ಅಂದ್ರು."

ಶಿರಾಜ್ ಅಳುತ್ತಿರಲಿಲ್ಲ. ಕಪಾಟಿನಿಂದ ಬಟ್ಟಲು ತೆಗೆದು ಒಂದೊಂದಾಗಿ ಒರೆಸಿ ತಟ್ಟೆಗೆ ಜೋಡಿಸುತ್ತಿದ್ದಳು. ಅವಳು ಹೀಗೆ ಒರೆಸಿದ್ದನ್ನೇ ಒರೆಸುವಾಗ ಜೋರು ಮಾತಾಡಿದರೆ ಬಟ್ಟಲು ಒಡೆಯುತ್ತದೆಂದು ವಸೀಲಾಗೆ ಗೊತ್ತಿತ್ತು.

ಆ ಆ್ಯಪ್ ಹುಟ್ಟಿದ್ದು ಇದೇ ಅಡುಗೆಮನೆಯ ಮೇಜಿನ ಮೇಲೆ. ಮೂರು ವರ್ಷದ ಹಿಂದೆ ಅತ್ತೆ ಮನ್ನೂಬಿಯಾ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಾಗ, ಇನ್ಸ್ಟಿಟ್ಯೂಟಿನಲ್ಲಿ ಓದುತ್ತಿದ್ದ ಶಿರಾಜ್‌ಳನ್ನು ಮನೆಗೆ ಕರೆಸಿದ್ದರು. ಒಂದು ತಿಂಗಳಿಗೆಂದು ಬಂದವಳು ಮತ್ತೆ ಹೋಗಲಿಲ್ಲ. ಡಿಪ್ಲೊಮಾ ಅರ್ಧಕ್ಕೇ ನಿಂತಿತು. ಅಣ್ಣ ಹೈಕಲ್‌ನ ಹಳೆಯ ಲ್ಯಾಪ್‌ಟಾಪ್ ತಂದು, ಮುರಿದ ಅದರ ಮುಚ್ಚಳವನ್ನು ರವೆ ಡಬ್ಬಕ್ಕೆ ಒರಗಿಸಿ, ಅಜ್ಜಿ ಮಲಗಿದ್ದಾಗಲೆಲ್ಲ ಕೂತು ಬರೆದಳು. ವೆಬ್ ಪುಟಗಳಿಗೆ ಬಣ್ಣ, ಅಂಚು, ಅಂತರ ಕೊಟ್ಟು ಚೆಂದ ಮಾಡುವ ಕೋಡ್ ಇದೆಯಲ್ಲ, ಅದನ್ನು ಕಲಿಸುವ ಆ್ಯಪ್. ಯಾವ ಪದಕ್ಕೆ ಏನು ಅರ್ಥ, ಹೇಗೆ ಬರೆಯಬೇಕು, ಬರೆದರೆ ಪುಟ ಹೇಗೆ ಕಾಣುತ್ತದೆ ಎಂಬುದೆಲ್ಲ ಫೋನಿನಲ್ಲೇ ಸಿಗುತ್ತಿತ್ತು, ಇಂಟರ್‌ನೆಟ್ ಇಲ್ಲದಿದ್ದರೂ. ಅಂಥ ಆ್ಯಪುಗಳು ಬೇಕಾದಷ್ಟಿದ್ದವು. ಆದರೆ ಅವೆಲ್ಲ ಇಂಗ್ಲಿಷಿನವು, ಫ್ರೆಂಚಿನವು. ಇದು ಮಾತ್ರ ಅವರೂರು ಸ್ಫಾಕ್ಸ್‌ನ ಮನೆಮಾತಿನ ಅರಬ್ಬಿಯಲ್ಲಿತ್ತು. ಅದೂ ವಸೀಲಾಳ ದನಿಯಲ್ಲಿ.

"ನಂಗೇನು ಗೊತ್ತೇ ಅದೆಲ್ಲ? ನಾನು ಶಾಲೆ ಮುಖ ನೋಡಿದ್ದು ಐದೇ ವರ್ಷ" ಎಂದು ವಸೀಲಾ ಮೊದಲು ಒಪ್ಪಿರಲಿಲ್ಲ.

"ಗೊತ್ತಿಲ್ಲದವರೇ ಬೇಕು. ನಾನು ನಿಂಗೆ ಹೇಳ್ತೀನಿ. ನೀನು ಅರ್ಥ ಮಾಡ್ಕೊಂಡು ನಿನ್ನ ಮಾತಲ್ಲಿ ವಾಪಸ್ ಹೇಳು."

ಹಾಗೆ ಹೇಳಿಕೊಟ್ಟು ಹೇಳಿಸಿಕೊಂಡದ್ದನ್ನೇ ಮಲಗುವ ಕೋಣೆಯಲ್ಲಿ, ಸದ್ದು ಬರದಂತೆ ಇಬ್ಬರೂ ಕಂಬಳಿ ಹೊದ್ದುಕೊಂಡು ಫೋನಿನಲ್ಲಿ ಹಿಡಿದಿದ್ದರು. ಅಂತರದ ಪಾಠದಲ್ಲಿ ವಸೀಲಾ ಹೀಗೆ ಹೇಳಿದ್ದಳು: "ಹಾಳೆ ಮಡಿಸುವಾಗ ಮೊಟ್ಟೆಗೆ ಸುತ್ತ ಜಾಗ ಬಿಡ್ತೀವಲ್ಲ, ಅದು ಒಳಜಾಗ. ಬಾಣಲೇಲಿ ಒಂದು ಬ್ರಿಕ್ಕಿಗೂ ಇನ್ನೊಂದಕ್ಕೂ ನಡುವೆ ಬಿಡ್ತೀವಲ್ಲ, ಅದು ಹೊರಜಾಗ. ಒಳಜಾಗ ಇಲ್ದಿದ್ರೆ ಹಾಳೆ ಹರಿಯುತ್ತೆ, ಹೊರಜಾಗ ಇಲ್ದಿದ್ರೆ ಎರಡೂ ಅಂಟ್ಕೊಳುತ್ತೆ." ಇನ್ನೊಂದು ಪಾಠದಲ್ಲಿ: "ಪರದೇಶದ ಪುಸ್ತಕದೋರು ಎಡಕ್ಕೆ ಜಾಗ ಬಿಡು ಅಂತಾರೆ. ಅವರ ಬರಹ ಎಡದಿಂದ ಶುರು. ನಮ್ಮದು ಬಲದಿಂದ. ಅದಕ್ಕೇ ಎಡ ಬಲ ಅನ್ಬೇಡ ಮಗಳೇ. ಶುರುವಿಗೆ ಬಿಡು, ಕೊನೆಗೆ ಬಿಡು ಅನ್ನು. ಪುಟ ಯಾವ ಕಡೆ ತಿರುಗಿದ್ರೂ ತಪ್ಪಾಗಲ್ಲ." ನೆರಳಿನ ಪಾಠ ಹಿಡಿಯುವಾಗ ಪಕ್ಕದ ಕೋಣೆಯಲ್ಲಿ ಮನ್ನೂಬಿಯಾ ಕೆಮ್ಮಿದ್ದರು. ವಸೀಲಾ ಮಾತು ನಿಲ್ಲಿಸಿ, "ಬಂದೆ, ಲೆಲ್ಲಾ ಮನ್ನೂಬಿಯಾ" ಎಂದು ಅತ್ತೆಗೆ ಮರ್ಯಾದೆಯಿಂದ ಕೂಗಿ, ಮತ್ತೆ ನೆರಳಿಗೆ ಮರಳಿದ್ದಳು. ಶಿರಾಜ್ ಅದನ್ನು ಕತ್ತರಿಸದೆ ಹಾಗೇ ಬಿಟ್ಟಳು. ಕಲಿಯುವವರು ಈಗಲೂ ಬರೆಯುತ್ತಿದ್ದರು: ಅಜ್ಜಿ ಹೇಗಿದ್ದಾರೆ? ಅಜ್ಜಿಗೆ ಜೇನು ಕೊಡಿ.

"ಈ ಮನೇಲಿ ಹೆಸರುವಾಸಿ ಆದವಳು ನಾನೊಬ್ಬಳೇ" ಎಂದು ಮನ್ನೂಬಿಯಾ ಹೇಳಿಕೊಳ್ಳುತ್ತಿದ್ದರು. "ನಿಮ್ಮ ಮಾವ ಹಜ್‌ಗೆ ಹೋಗಿಬಂದ್ರೂ ಬೀದಿ ದಾಟಿದ್ರೆ ಯಾರೂ ಗುರುತಿಸ್ತಿರಲಿಲ್ಲ. ನನ್ನ ಕೆಮ್ಮು ನೋಡು, ಮೊರೊಕ್ಕೊವರೆಗೂ ಹೋಗಿದೆ."

ಆ್ಯಪನ್ನು ಎಲ್ಲರಿಗೂ ಸಿಗುವಂತೆ ಹಾಕಬೇಕಾದಾಗ ಪರದೇಶಕ್ಕೆ ಹಣ ಕಟ್ಟುವ ಕಾರ್ಡು ಬೇಕಾಯಿತು. ಅದನ್ನು ಬ್ಯಾಂಕಿನವರು ಕೊಡುತ್ತಿದ್ದುದು ಡಿಪ್ಲೊಮಾ ಇದ್ದವರಿಗೆ. ಡಿಪ್ಲೊಮಾ ಇದ್ದದ್ದು ಹೈಕಲ್‌ಗೆ. ಶಿರಾಜ್ ಹಿಂದೆಮುಂದೆ ನೋಡಿದಾಗ ವಸೀಲಾಳೇ, "ಒಂದೇ ಮನೆ, ಯಾರ ಹೆಸರಾದರೇನು?" ಎಂದಿದ್ದಳು. ಹೈಕಲ್ ತನ್ನ ಖಾತೆ ತೆರೆದುಕೊಟ್ಟ. ಆ ದಿನ ಅವನಿಗೂ ಅದು ಬರೀ ಕಾರ್ಡಿನ ವಿಷಯವಾಗಿತ್ತು.

*

ಮಸೀದಿಯಿಂದ ಬಾಂಗು ಕೇಳಿಸಿತು. ಖರ್ಜೂರ, ನೀರು, ಆಮೇಲೆ ಬಾರ್ಲಿ ಸಾರು. ಎರಡನೆಯ ಬಟ್ಟಲಿಗೆ ಕೈಹಾಕಿದಾಗ ಶಿರಾಜ್ ಅಣ್ಣನಿಗೆ ಹೇಳಿದಳು:

"ಒಂದು ಸಾಲು ಬರ್ಕೊಡು. ಆ್ಯಪ್ ಮಾಡಿದ್ದು ನನ್ನ ತಂಗಿ, ಖಾತೆ ಮಾತ್ರ ನನ್ನದು ಅಂತ. ಅಷ್ಟು ಸಾಕಂತೆ ಅವರಿಗೆ. ಮನೇಲಿ ಕೂತೇ ಮಾಡೋ ಕೆಲಸ. ಅಜ್ಜಿನೂ ನೋಡ್ಕೋಬಹುದು."

ಹೈಕಲ್ ಬ್ರಿಕ್ಕಿನ ಮೂಲೆ ಕಚ್ಚಿ, ಹಳದಿ ಸೋರದಂತೆ ಹೀರಿ, ತುಟಿ ಒರೆಸಿಕೊಂಡ. "ಬರೀತೀನಿ. ನನ್ನ ನಿಶ್ಚಿತಾರ್ಥದ ಫಾತಿಹಾ ಓದಿಸಿ ಮುಗೀಲಿ."

"ಅದು ಬೇಸಿಗೆಗೆ. ಅಲ್ಲೀವರೆಗೆ ಅವರು ಕಾಯ್ತಾರಾ?"

"ಮತ್ತೆ ನಾನೇನು ಮಾಡ್ಲಿ? ಹುಡುಗಿ ಅಪ್ಪ ಸಿ ಅಬ್ದುಲ್‌ಜಲೀಲ್‌ಗೆ ಈಗ ಹೋಗಿ, ಅದು ನಾನು ಮಾಡಿದ್ದಲ್ಲ ಅನ್ಲಾ?"

"ನೀನೇ ಮಾಡಿದ್ದು ಅಂತ ಯಾಕೆ ಹೇಳ್ದೆ?"

"ನಾನೆಲ್ಲಿ ಹೇಳ್ದೆ? ಅವರೇ ಫೋನ್ ತೆಗೆದು ನೋಡಿದ್ರು. ನನ್ನ ಹೆಸರಿತ್ತು. ಭೇಷ್ ಅಂದ್ರು. ನಾನು ಅಲ್ಲ ಅನ್ಲಿಲ್ಲ, ಅಷ್ಟೇ."

"ನಮ್ಮನೆ ಬೆಕ್ಕೂ ಮೀನು ತಿಂದೆ ಅಂತ ಯಾವತ್ತೂ ಹೇಳಿಲ್ಲ" ಎಂದರು ಮನ್ನೂಬಿಯಾ, ಸಾರಿಗೆ ನಿಂಬೆ ಹಿಂಡುತ್ತ. "ಅಲ್ಲ ಅಂತಲೂ ಅಂದಿಲ್ಲ."

"ಮೆಮ್ಮಾ, ನೀನು ಸುಮ್ನಿರು" ಎಂದ ಹೈಕಲ್ ಅಜ್ಜಿಗೆ.

"ಸುಮ್ನೇ ಇದೀನಪ್ಪ. ಕೆಮ್ಮಿದ್ರೆ ಮಾತ್ರ ನನಗೆ ಬೆಲೆ."

ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತನಾಗಿದ್ದ, ವಸೀಲಾಳ ಗಂಡ ತಿಜಾನಿ ಬ್ರೆಡ್ಡು ಮುರಿಯುತ್ತ, "ಇಡೀ ದಿನ ಹಸಿದು ಕೂತಿದ್ದು ಇದನ್ನ ನುಂಗೋಕಾ? ಊಟ ಮಾಡಿ ಎದ್ದೇಳಿ" ಎಂದ.

"ನೀವು ಹೇಳಿ ಬಾಬಾ. ಯಾರು ಮಾಡಿದ್ದು?" ಎಂದಳು ಶಿರಾಜ್.

"ನಂಗೇನು ಗೊತ್ತು? ನಾನು ಕಂಡಿದ್ದು ಇಷ್ಟೇ, ಮೂರು ವರ್ಷ ರವೆ ಡಬ್ಬ ಅದರ ಜಾಗದಲ್ಲಿ ಇರಲಿಲ್ಲ."

ಹೈಕಲ್ ತಟ್ಟೆ ದೂಡಿದ. ಅವನಿಗೆ ಮೂವತ್ತೆರಡು. ಎಂಜಿನಿಯರಿಂಗ್ ಡಿಪ್ಲೊಮಾ ಗೋಡೆಗೆ ತೂಗುಹಾಕಿ, ಊರಿನ ಹಳೇ ಕೋಟೆ ಬಾಗಿಲ ಬಳಿ ಫೋನ್ ರಿಪೇರಿ ಅಂಗಡಿಯಲ್ಲಿ ಗಾಜು ಬದಲಿಸುತ್ತಿದ್ದ. ಮೂರು ಮನೆಯವರು ಹೆಣ್ಣು ಕೊಡಲು ಒಲ್ಲೆ ಎಂದಿದ್ದರು. ನಾಲ್ಕನೆಯವರು, ಊರಲ್ಲಿ ಎಲ್ಲರೂ ಮರ್ಯಾದೆಗೆ ಸಿ ಸೇರಿಸಿ ಕರೆಯುವ ಅಬ್ದುಲ್‌ಜಲೀಲ್. ಖಾಸಗಿ ತರಬೇತಿ ಕೇಂದ್ರ ಇಟ್ಟವರು. ಅವರ ಮಗಳು ದೊರ್ರಾ ಹೈಕಲ್‌ನನ್ನು ಅಂಗಡಿಯಲ್ಲೇ ನೋಡಿ ಮೆಚ್ಚಿದ್ದಳು. ಅಪ್ಪ ಮೆಚ್ಚಿದ್ದು ಆ್ಯಪ್ ನೋಡಿದ ಮೇಲೆ. ಮದುವೆ ಆದಮೇಲೆ ಕೇಂದ್ರದ ಕಂಪ್ಯೂಟರ್ ವಿಭಾಗವನ್ನೇ ಅವನಿಗೆ ಬಿಟ್ಟುಕೊಡುವ ಮಾತೂ ಬಂದಿತ್ತು.

"ಇದು ಮುರಿದ್ರೆ ನಾನು ಆ ಅಂಗಡೀಲೇ ಸಾಯ್ತೀನಿ ಉಮ್ಮಿ" ಎಂದು ಅವನು ಆಮೇಲೆ ತಾಯಿಯೊಬ್ಬಳೇ ಇದ್ದಾಗ ಹೇಳಿದ. ಹೇಳುವಾಗ ಅವನ ಬೆರಳುಗಳನ್ನು ವಸೀಲಾ ನೋಡಿದಳು. ಗಾಜಿನ ಚೂರು ತಾಗಿ ತಾಗಿ ತುದಿಗಳೆಲ್ಲ ಒರಟಾಗಿದ್ದವು.

*

ಈದ್‌ಗೆ ಎರಡು ದಿನ ಇರುವಾಗ ತಾಯಿ ಮಗಳು ಶರ್ಮೂಲಾಕ್ಕೆ ಈರುಳ್ಳಿ ಹೆಚ್ಚಲು ಕೂತರು. ಒಣದ್ರಾಕ್ಷಿ ಹಾಕಿ, ಆಲಿವ್ ಎಣ್ಣೆಯಲ್ಲಿ ಗಂಟೆಗಟ್ಟಲೆ ಬೇಯಿಸುವ ಈ ಗೊಜ್ಜೂ ಉಪ್ಪುಮೀನೂ ಇಲ್ಲದೆ ಸ್ಫಾಕ್ಸ್‌ನಲ್ಲಿ ಈದ್‌ನ ಬೆಳಗು ಆಗುವುದಿಲ್ಲ. ಉಪ್ಪುಮೀನು ಬಕೆಟ್ಟಿನಲ್ಲಿ ನೆನೆಯುತ್ತಿತ್ತು. ಇಬ್ಬರ ಕಣ್ಣಲ್ಲೂ ನೀರು. ಯಾವ ನೀರು ಯಾವುದಕ್ಕೆ ಎಂದು ಕೇಳುವ ಹಾಗಿರಲಿಲ್ಲ.

"ಸ್ವಲ್ಪ ತಾಳು" ಎಂದಳು ವಸೀಲಾ. "ಅವನ ಬದುಕು ಒಂದು ದಡ ಸೇರ್ಲಿ. ನೀನಿನ್ನೂ ಚಿಕ್ಕವಳು."

"ಇಪ್ಪತ್ತಾರು."

"ಅವನಿಗೆ ಮೂರು ಮನೆಯವರು ಬೇಡ ಅಂದ್ರಲ್ಲ, ಅದು ನೋಡು."

"ನಂಗೆ ಯಾರೂ ಬೇಡ ಅಂದಿಲ್ಲ. ಕೇಳೋಕೂ ಬಂದಿಲ್ಲ. ಬಾಗಿಲಿಂದ ಆಚೆ ಹೋದ್ರೆ ತಾನೇ ಯಾರಾದ್ರೂ ನೋಡೋಕೆ?" ಶಿರಾಜ್ ಚಾಕು ಕೆಳಗಿಟ್ಟಳು. "ಉಮ್ಮಿ, ನಾನು ಅವನ ಮದುವೆ ಕೆಡಿಸಲ್ಲ. ಅವನ ಮಾವನಿಗೆ ಏನೂ ಹೇಳಲ್ಲ. ತೂನಿಸ್‌ನ ಆ ಹೆಂಗಸು ಒಬ್ಬರಿಗೆ ಗೊತ್ತಾದ್ರೆ ಸಾಕು. ಬಸ್ಮಾ ಅಂತ ಅವರ ಹೆಸರು. ಆ್ಯಪಲ್ಲಿರೋ ದನಿ ನಮ್ಮಮ್ಮನದು, ಅವರನ್ನೇ ಕೇಳಿ ಅಂದಿದೀನಿ. ನಿನ್ನ ನಂಬರು ಕೊಟ್ಟಿದೀನಿ."

"ನನ್ನದಾ?"

"ರಜೆ ಮುಗಿದು ಆಫೀಸು ತೆಗೆದ ಮೇಲೆ ಫೋನ್ ಮಾಡ್ತಾರೆ. ಯಾರು ಮಾಡಿದ್ದು ಅಂತ ಕೇಳ್ತಾರೆ. ನನ್ನ ಮಗಳು ಅಂದ್ಬಿಡು. ಎರಡೇ ಮಾತು."

ವಸೀಲಾ ಈರುಳ್ಳಿಯ ಹೊರಸಿಪ್ಪೆ ಎಳೆದಳು. ಎರಡು ಮಾತು, ಅದೂ ಎಲ್ಲೋ ತೂನಿಸ್‌ನಲ್ಲಿರುವ, ಮುಖ ಕಾಣದ ಹೆಂಗಸಿಗೆ. ಹೈಕಲ್‌ಗೆ ಗೊತ್ತೂ ಆಗುವುದಿಲ್ಲ.

"ಹೇಳ್ತೀನಿ ಬಿಡು."

"ನಿಜವಾಗ್ಲೂ?"

"ಉಪವಾಸ ಇದೀನಿ ಕಣೇ. ಸುಳ್ಳು ಹೇಳ್ತೀನಾ?"

ಶಿರಾಜ್ ನಕ್ಕಳು. ಆ ತಿಂಗಳಲ್ಲಿ ಮೊದಲ ಸಲ. ಈರುಳ್ಳಿ ಕೈಯಿಂದಲೇ ಮೂಗೊರೆಸಿಕೊಂಡು, ಉರಿ ತಾಳಲಾರದೆ ನಲ್ಲಿಯ ಕಡೆ ಓಡಿದಳು.

*

ಈದ್ ಕಳೆದ ಮುಂದಿನ ವಾರ ದೊರ್ರಾಳ ತಂದೆತಾಯಿ ಹೇಳಿಕಳಿಸಿದರು: ಮಗಳು ಕಾಲಿಡುವ ಮನೆ, ಒಮ್ಮೆ ನೋಡಿಕೊಂಡು ಹೋಗುತ್ತೇವೆ. ಎರಡು ದಿನ ಮನೆ ಅಲ್ಲೋಲಕಲ್ಲೋಲವಾಯಿತು. ತಿಜಾನಿ ಅಂಗಳದ ಗೋಡೆಗೆ ಸುಣ್ಣ ಬಳಿದ. ಶಿರಾಜ್ ನಡುಮನೆಯ ದಿವಾನುಗಳ ಹೊದಿಕೆ ಒಗೆದು, ಒಣಗಿಸಿ, ಇಸ್ತ್ರಿ ಹಾಕಿದಳು. ರವೆ ಡಬ್ಬ ಅದರ ಜಾಗಕ್ಕೆ ಹೋಯಿತು. ಲ್ಯಾಪ್‌ಟಾಪನ್ನು ಹೈಕಲ್ ತನ್ನ ಕೋಣೆಯ ಮೇಜಿನ ಮೇಲಿಟ್ಟು, ಬಾಗಿಲು ತೆರೆದರೆ ಕಾಣುವಂತೆ ತಿರುಗಿಸಿದ.

"ಮುಚ್ಚಳಕ್ಕೆ ಒರಗು ಬೇಕು" ಎಂದಳು ಶಿರಾಜ್ ಬಾಗಿಲಲ್ಲಿ ನಿಂತು. "ಡಬ್ಬ ಕೊಡ್ಲಾ?"

ಅವನು ಡಿಕ್ಷನರಿಯೊಂದನ್ನು ಹಿಂದಕ್ಕೆ ಕೊಟ್ಟು ನಿಲ್ಲಿಸಿದ.

ಅವರು ಬಂದದ್ದು ಮಧ್ಯಾಹ್ನದ ಬಿಸಿಲು ಇಳಿದ ಮೇಲೆ. ಬಾದಾಮಿ ಬಕ್ಲಾವಾದ ದೊಡ್ಡ ಪೊಟ್ಟಣ ಹಿಡಿದು. ಸಿ ಅಬ್ದುಲ್‌ಜಲೀಲ್ ದನಿಯೇರಿಸದೆ ಮಾತಾಡುವವರು. ತಿಜಾನಿಯ ಹತ್ತಿರ ಬಂದರಿನ ವಿಷಯ ಕೇಳಿದರು, ಮನ್ನೂಬಿಯಾರ ಹಣೆಗೆ ಮುತ್ತಿಟ್ಟರು. ಆಮೇಲೆ ಹೈಕಲ್ ಕಡೆ ತಿರುಗಿ, "ನಮ್ಮ ಮೇಷ್ಟ್ರುಗಳಿಗೆ ತೋರಿಸ್ದೆ ನಿನ್ನ ಆ್ಯಪ್. ಎಡ ಬಲ ಬಿಟ್ಟು ಶುರು ಕೊನೆ ಅಂತ ಹೇಳ್ಕೊಟ್ಟಿದೀಯಲ್ಲ, ಅದನ್ನ ಬಹಳ ಮೆಚ್ಕೊಂಡ್ರು. ಹೇಗೆ ಹೊಳೀತು?" ಎಂದರು.

"ಹಾಗೇ... ಮಾಡ್ತಾ ಮಾಡ್ತಾ" ಎಂದ ಹೈಕಲ್.

ಅದು ಹೊಳೆದದ್ದು ಹೇಗೆಂದು ವಸೀಲಾಗೆ ನೆನಪಿತ್ತು. ಮಗಳು ಮಾಡಿದ ಪುಟ ನೋಡುತ್ತ ತಾನೇ, ಚಿತ್ರ ಯಾಕೇ ಗೋಡೆಗೆ ಒತ್ತಿ ನಿಂತಿದೆ ಎಂದು ಕೇಳಿದ್ದಳು. ಅದಕ್ಕೆ ಉತ್ತರ ಹುಡುಕುತ್ತ ಶಿರಾಜ್ ಎರಡು ದಿನ ಊಟ ಮರೆತಿದ್ದಳು.

ಶಿರಾಜ್ ಆಗ ನಿಂಬೆ ಶರಬತ್ತಿನ ತಟ್ಟೆ ಹಿಡಿದು ಬಂದಿದ್ದಳು. "ನಮ್ಮ ಶಿರಾಜ್ ಕೂಡ ಸ್ವಲ್ಪ ಸಹಾಯ ಮಾಡಿದಾಳೆ" ಎಂದ ಹೈಕಲ್, ಅವಳ ಕಡೆ ನೋಡದೆ.

"ಹೌದಾ ಮಗಳೇ? ಒಳ್ಳೇದು. ಅಣ್ಣ ತಂಗಿ ಹೀಗಿರ್ಬೇಕು."

"ಸ್ವಲ್ಪ" ಎಂದಳು ಶಿರಾಜ್. "ಲೋಟ ತಗೊಳ್ಳಿ."

ಮನ್ನೂಬಿಯಾ ಕೆಮ್ಮಿದರು. ಅದು ನಿಜವಾದ ಕೆಮ್ಮಲ್ಲ ಎಂದು ಮನೆಯವರಿಗೆಲ್ಲ ಗೊತ್ತಾಯಿತು.

ಅಬ್ದುಲ್‌ಜಲೀಲರ ಹೆಂಡತಿ ಮನೆ ನೋಡಬೇಕೆಂದರು. ವಸೀಲಾ ಅವರಿಗೆ ಅಂಗಳ, ಮಾಳಿಗೆಯ ಮೆಟ್ಟಿಲು, ಕೋಣೆಗಳು ತೋರಿಸಿ ಅಡುಗೆಮನೆಗೆ ಕರೆತಂದಳು. ಶಿರಾಜ್ ಕಾಫಿಗೆ ನೀರಿಟ್ಟಿದ್ದಳು. ಆ ಹೆಂಗಸು ಒಲೆಯ ಹಿಂದಿನ ಗೋಡೆಯ ಟೈಲುಗಳ ಮೇಲೆ ಬೆರಳಾಡಿಸಿ, "ಚೊಕ್ಕಟವಾಗಿ ಇಟ್ಕೊಂಡಿದೀರ" ಎಂದರು. ಅಷ್ಟರಲ್ಲಿ ಕಪಾಟಿನ ಮೇಲಿದ್ದ ವಸೀಲಾಳ ಫೋನು ಬಡಿದುಕೊಂಡಿತು.

ಶಿರಾಜ್ ನಂಬರು ನೋಡಿದಳು. ಫೋನನ್ನು ತಾಯಿಯ ಕೈಗೆ ಕೊಟ್ಟಳು. ಆ ಕಣ್ಣು, ಚಿಕ್ಕವಳಿದ್ದಾಗ ಶಾಲೆಯ ಗೇಟಿನಲ್ಲಿ ಬಿಟ್ಟುಬರುವಾಗ ನೋಡುತ್ತಿದ್ದ ಹಾಗೆ ನೋಡಿತು.

ವಸೀಲಾ ಪಡಸಾಲೆಗೆ ಬಂದಳು. ಹಳೆಯ ಫೋನು, ಆ ಕಡೆಯ ಮಾತು ಮಾರು ದೂರ ಕೇಳಿಸುತ್ತಿತ್ತು. "ಲೆಲ್ಲಾ ವಸೀಲಾ ಅವರಾ? ನಾನು ತೂನಿಸ್‌ನಿಂದ ಬಸ್ಮಾ. ಆ್ಯಪ್ ವಿಷಯ ಒಂದು ಮಾತು ಕೇಳ್ಬೇಕಿತ್ತು."

"ಹೇಳಿ."

"ಅದನ್ನ ಮಾಡಿದ್ದು ಯಾರು? ನಿಮ್ಮ ಮಗಳು ನಾನೇ ಅಂತಾಳೆ. ಹೆಸರು ನಿಮ್ಮ ಮಗನದು."

ಅಡುಗೆಮನೆಯ ಬಾಗಿಲಲ್ಲಿ ಅಬ್ದುಲ್‌ಜಲೀಲರ ಹೆಂಡತಿ ಬಂದು ನಿಂತಿದ್ದರು, ಸೌಜನ್ಯಕ್ಕೆ ಗೋಡೆಯ ಕಡೆ ಮುಖಮಾಡಿ. ನಡುಮನೆಯಿಂದ ಹೈಕಲ್ ಹೊರಬಂದ. ಬರಿದಾದ ಲೋಟಗಳ ತಟ್ಟೆ ಅವನ ಕೈಯಲ್ಲಿತ್ತು. ಆ್ಯಪ್ ಎಂಬ ಮಾತು ಕಿವಿಗೆ ಬಿದ್ದದ್ದೇ ಅವನು ನಿಂತುಬಿಟ್ಟ. ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡತೊಡಗಿದವು.

ಆಮೇಲೆ ಮಾಡಿ ಅನ್ನಬಹುದಿತ್ತು. ಮನೆಯಲ್ಲಿ ನೆಂಟರಿದ್ದಾರೆ ಅನ್ನಬಹುದಿತ್ತು. ಆ ಎರಡೂ ವಸೀಲಾಗೆ ಆ ರಾತ್ರಿ ಹಾಸಿಗೆಯಲ್ಲಿ ಹೊಳೆದವು. ಆಗ ಹೊಳೆದದ್ದು ಲೋಟದ ಸದ್ದನ್ನು ನಿಲ್ಲಿಸಬೇಕೆಂಬುದೊಂದೇ.

"ನನ್ನ ಮಗನೇ ಮಾಡಿದ್ದು" ಎಂದಳು. "ಅವಳು ಸಹಾಯ ಮಾಡಿದಾಳೆ."

"ಬೇಜಾರಾಯ್ತು, ಲೆಲ್ಲಾ. ಹುಡುಗಿ ಚೆನ್ನಾಗಿ ಮಾತಾಡಿದ್ಲು. ಆದ್ರೆ ಈ ದನಿ ನಿಮ್ಮದೇ, ಎಲ್ಲಿದ್ರೂ ಗುರುತು ಹಿಡೀತೀನಿ. ನಮ್ಮಮ್ಮನೂ ಸ್ಫಾಕ್ಸ್‌ನವರೇ. ನೀವು ಹೇಳಿದ ಮೇಲೆ ನಂಬಲೇಬೇಕು."

ಲೋಟಗಳ ಸದ್ದು ನಿಂತಿತ್ತು. ಅಬ್ದುಲ್‌ಜಲೀಲರ ಹೆಂಡತಿ ತಿರುಗಿ ನಕ್ಕು, "ತೂನಿಸ್‌ನಿಂದಲೂ ಕೇಳ್ಕೊಂಡು ಫೋನ್ ಬರುತ್ತಾ? ಅಲ್ಲಾಹು ಕಾಪಾಡ್ಲಿ, ದೃಷ್ಟಿ ತಾಗದಿರ್ಲಿ" ಎಂದರು.

ಶಿರಾಜ್ ಕಾಫಿ ತಂದಳು. ಹೂನೀರಿನ ಹನಿ ಹಾಕಿದ ಕಾಫಿ. ಮೊದಲು ಅಬ್ದುಲ್‌ಜಲೀಲರಿಗೆ, ಆಮೇಲೆ ಅವರ ಹೆಂಡತಿಗೆ, ಅಜ್ಜಿಗೆ, ತಂದೆಗೆ, ಅಣ್ಣನಿಗೆ. ಒಂದು ಹನಿ ತಟ್ಟೆಗೆ ಚೆಲ್ಲಲಿಲ್ಲ. ಕೊನೆಯ ಬಟ್ಟಲನ್ನು ತಾಯಿಯ ಮುಂದಿಟ್ಟು, ಸಕ್ಕರೆ ಎಷ್ಟೆಂದು ಕೇಳಿದಳು. ಇಪ್ಪತ್ತಾರು ವರ್ಷದಲ್ಲಿ ಅವಳು ಹಾಗೆ ಕೇಳಿದ್ದು ಅದೇ ಮೊದಲು.

ನೆಂಟರು ಹೋದ ಮೇಲೆ ವಸೀಲಾ ಸಿಂಕಿನ ಹತ್ತಿರ ಹೋಗಿ ನಿಂತಳು. "ಅವರು ಪಕ್ಕದಲ್ಲೇ ಇದ್ರು ಕಣೇ. ನಾನೇನು ಮಾಡ್ಲಿ? ನಾಳೆ ನಾನೇ ಫೋನ್ ಮಾಡಿ ಹೇಳ್ತೀನಿ."

"ಏನಂತ? ಇವತ್ತು ಹೇಳಿದ್ದು ಸುಳ್ಳು, ನಾಳೆ ಹೇಳೋದು ನಿಜ ಅಂತಾನಾ?"

"ಶಿರಾಜ್..."

ಶಿರಾಜ್ ನಲ್ಲಿ ತಿರುಗಿಸಿದಳು. "ತಪ್ಪು ನಂದೇ, ಉಮ್ಮಿ. ಉಪವಾಸ ಮುಗಿದಿತ್ತಲ್ವಾ."

*

ವಸೀಲಾ ಮಾರನೆಯ ದಿನ ಫೋನ್ ಮಾಡಿದಳು. ಯಾವನೋ ಹುಡುಗ ಎತ್ತಿ, ಮೇಡಂ ಮೀಟಿಂಗ್‌ನಲ್ಲಿದ್ದಾರೆ ಎಂದ. ಅದರ ಮಾರನೆಯ ದಿನವೂ ಹಾಗೇ. ಮೂರನೆಯ ಸಲ ಬಸ್ಮಾಳೇ ಸಿಕ್ಕು, ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಾಯಿತೆಂದು ಮರ್ಯಾದೆಯಿಂದ ಹೇಳಿದಳು. ವಸೀಲಾ ಹೇಳಬೇಕೆಂದಿದ್ದ ಎರಡು ಮಾತು ನಾಲಿಗೆಯ ಮೇಲೇ ಉಳಿಯಿತು. "ಸರಿ ಮಗಳೇ, ನಿಮ್ಮಮ್ಮನಿಗೆ ಸಲಾಂ ಹೇಳು" ಎಂದು ಇಟ್ಟುಬಿಟ್ಟಳು.

ಬೇಸಿಗೆಯಲ್ಲಿ ಫಾತಿಹಾ ಓದಿಸಿ, ಶರತ್ಕಾಲದ ಮೊದಲಿಗೆ ಮದುವೆ ಮಾಡಿದರು. ಹೈಕಲ್ ಒಂದು ಸಾಲು ಬರೆದುಕೊಡುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಮಾವ ಕೊಡಿಸಿದ ಮನೆಗೆ ಅವನು ಸಾಮಾನು ಸಾಗಿಸುವಾಗ ಲ್ಯಾಪ್‌ಟಾಪನ್ನು ವಸೀಲಾಳೇ ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ಅದರಲ್ಲಿ ಅವನ ಹೆಸರಿತ್ತು, ಅವನದೇ ಎಂದುಕೊಂಡಳು.

ಶಿರಾಜ್ ಒಂದು ಕಾಲ್ ಸೆಂಟರ್ ಸೇರಿದಳು. ಫ್ರಾನ್ಸಿನವರಿಗೆ ಫೋನ್ ಮಾಡಿ ಕಿಟಕಿ, ಬಿಸಿನೀರಿನ ಯಂತ್ರ ಮಾರುವ ಕೆಲಸ. ಅಲ್ಲಿ ಎಲ್ಲರಿಗೂ ಒಂದೊಂದು ಫ್ರೆಂಚ್ ಹೆಸರು ಕೊಡುತ್ತಾರೆ. ಇವಳು ಕ್ಲಾರಾ.

"ಕ್ಲಾರಾನಾ?" ಎಂದು ತಿಜಾನಿ ಊಟಕ್ಕೆ ಕೂತಾಗ ಹುಬ್ಬೇರಿಸಿದ.

"ಯಾರ ಹೆಸರಾದರೇನು, ಬಾಬಾ" ಎಂದಳು ಶಿರಾಜ್. ಮೀನಿನ ಮುಳ್ಳು ಬಿಡಿಸಿ ಅಜ್ಜಿಯ ತಟ್ಟೆಗೆ ಹಾಕುತ್ತಿದ್ದಳು.

ಮನೆಗೆ ಬರುತ್ತಿದ್ದಳು, ಬಟ್ಟಲು ತೊಳೆಯುತ್ತಿದ್ದಳು, ಅಜ್ಜಿಯನ್ನು ಹೊರಳಿಸಿ ಮಲಗಿಸುತ್ತಿದ್ದಳು. ತಾಯಿ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಜಗಳ ಮಾತ್ರ ಆಡುತ್ತಿರಲಿಲ್ಲ. ಹಿಂದೆ ಉಪ್ಪು ಹೆಚ್ಚಾಯಿತೆಂದು, ದನಿ ಹಿಡಿಯುವಾಗ ನಗಿಸಿದೆಯೆಂದು, ದಿನಕ್ಕೆ ಹತ್ತು ಸಲ ಜಗಳಾಡಿದವಳು. ವಸೀಲಾ ಕೆಲವು ಸಲ ಬೇಕೆಂದೇ ಸಾರಿಗೆ ಉಪ್ಪು ಮರೆತಳು. ಶಿರಾಜ್ ಎದ್ದುಹೋಗಿ ಉಪ್ಪಿನ ಡಬ್ಬಿ ತಂದಿಟ್ಟಳು, ಅಷ್ಟೇ.

ಚಳಿ ಹಿಡಿದಾಗ ಮನ್ನೂಬಿಯಾ ಹಾಸಿಗೆ ಬಿಟ್ಟೇಳಲಿಲ್ಲ. ಎದೆ ಕಟ್ಟಿತ್ತು. ಒಂದು ಸಂಜೆ ವಸೀಲಾ ಎಣ್ಣೆ ಬೆಚ್ಚಗೆ ಮಾಡಿ ಬೆನ್ನಿಗೆ ಹಚ್ಚುತ್ತಿದ್ದಾಗ ಅವರು, "ಆ ಪಾಠ ಹಾಕೇ. ನನ್ನ ಕೆಮ್ಮಿರೋದು" ಎಂದರು.

"ಈಗ ಕೆಮ್ಮಿದ್ದು ಸಾಲ್ದಾ?"

"ಇದು ಮುದುಕಿ ಕೆಮ್ಮು. ಅದರಲ್ಲಿ ಸ್ವಲ್ಪ ಗತ್ತಿತ್ತು."

ವಸೀಲಾ ಕೈ ಒರೆಸಿಕೊಂಡು ಫೋನ್ ತೆಗೆದಳು. ಆ್ಯಪಿನ ಬಣ್ಣ ಬದಲಾಗಿತ್ತು. ಮೇಲೆ ಅಬ್ದುಲ್‌ಜಲೀಲರ ಕೇಂದ್ರದ ಗುರುತು. ಬ್ರಿಕ್ಕಿನ ಚಿತ್ರವಿದ್ದ ಕಡೆ ಬೂದು ಬಣ್ಣದ ಚೌಕಗಳು. ನೆರಳಿನ ಪಾಠ ಹುಡುಕಿ ಒತ್ತಿದಳು. ಪರಿಚಯವಿಲ್ಲದ ಹೆಣ್ಣಿನ ದನಿಯೊಂದು, ವಾರ್ತೆ ಓದುವವರ ಗ್ರಾಂಥಿಕ ಅರಬ್ಬಿಯಲ್ಲಿ, ನೆರಳಿನ ಲಕ್ಷಣಗಳನ್ನು ಹೇಳತೊಡಗಿತು. ಎಲ್ಲೂ ತಡವರಿಸಲಿಲ್ಲ. ಯಾರೂ ಕೆಮ್ಮಲಿಲ್ಲ. ಯಾರೂ ಬಂದೆ ಎನ್ನಲಿಲ್ಲ.

"ಇದು ಯಾರೇ?" ಎಂದರು ಮನ್ನೂಬಿಯಾ.

"ತಾಳಿ, ಬೇರೆ ಯಾವುದೋ ಒತ್ತಿದೆ." ಇನ್ನೊಂದು ಪಾಠ ಒತ್ತಿದಳು. ಮತ್ತೊಂದು. ಎಲ್ಲದರಲ್ಲೂ ಅದೇ ಹೆಣ್ಣು.

ಅಡುಗೆಮನೆಗೆ ಹೋಗಿ ಹೈಕಲ್‌ಗೆ ಫೋನ್ ಮಾಡಿದಳು. ಅವನು ಊಟಕ್ಕೆ ಕೂತಿದ್ದ. ಹಿಂದೆ ತಟ್ಟೆಗಳ ಸದ್ದು, ದೊರ್ರಾಳ ನಗು.

"ಓ, ನೋಡಿದ್ಯಾ? ಹೇಳೋಣ ಅಂತಿದ್ದೆ. ಮಾವ ಹೇಳಿದ್ರು ಉಮ್ಮಿ, ಅಡುಗೆಮನೆ ಭಾಷೆ ನಮ್ಮ ಕೇಂದ್ರದವರಿಗೆ ಶೋಭೆ ಅಲ್ಲ ಅಂತ. ಬೇರೆಯವರ ಕೈಲಿ ಓದಿಸಿದ್ವಿ."

"ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಇಷ್ಟಕ್ಕೆಲ್ಲ ಬೇಜಾರು ಮಾಡ್ಕೋತೀಯಾ? ಒಂದೇ ಮನೆ ಅಲ್ವಾ, ಯಾರ ದನಿಯಾದರೇನು?" ಎಂದ. ಅವನ ಮಾತಿನಲ್ಲಿ ಕುಹಕವಿರಲಿಲ್ಲ. ತಾಯಿ ಹೇಳಿದ್ದನ್ನೇ ನಂಬಿ ಬೆಳೆದವನ ಹಾಗೆ ಹೇಳಿದ. "ಭಾನುವಾರ ಬರ್ತೀವಿ. ದೊರ್ರಾಗೆ ನಿನ್ನ ಬ್ರಿಕ್ ಬೇಕಂತೆ."

ಶಿರಾಜ್ ಆಗತಾನೆ ಬಂದು ಕೋಟು ಬಿಚ್ಚುತ್ತಿದ್ದಳು. ವಸೀಲಾ ಪಾಠ ಮತ್ತೊಮ್ಮೆ ಒತ್ತಿ ಫೋನನ್ನು ಅವಳ ಮುಂದೆ ಹಿಡಿದಳು. ಆ ಹೆಣ್ಣು ಮತ್ತೆ ಮೊದಲಿಂದ ಶುರುಮಾಡಿತು. ಶಿರಾಜ್ ಕೇಳಿಸಿಕೊಂಡಳು. ಮುಖದಲ್ಲಿ ಏನೂ ಕದಲಲಿಲ್ಲ.

"ಹಳೇದು ನಿನ್ನ ಹತ್ರ ಇದೆಯಾ? ನಾನು ಹೇಳಿದ್ದು?"

"ನಾನು ಹಿಡಿದ ಫೋನ್ ಹಾಳಾಗಿ ಎರಡು ವರ್ಷ ಆಯ್ತು. ಎಲ್ಲಾ ಲ್ಯಾಪ್‌ಟಾಪಲ್ಲಿತ್ತು. ನೀನೇ ಅಲ್ವಾ ಟವೆಲಲ್ಲಿ ಸುತ್ತಿ ಕೊಟ್ಟಿದ್ದು?"

"ಅವನನ್ನ ಕೇಳಿದ್ರೆ..."

"ಅದನ್ನ ಮಾರಿ ಹೊಸದು ತಗೊಂಡ. ದನಿ ಬದಲಿಸಿದ್ದೂ ನಂಗೆ ಹೋದ ತಿಂಗಳೇ ಗೊತ್ತು."

"ಗೊತ್ತಿದ್ದೂ ಸುಮ್ನಿದ್ಯಾ? ಅದು ನನ್ನ ದನಿ ಕಣೇ. ನಂದು."

ಶಿರಾಜ್ ತಾಯಿಯನ್ನು ನೋಡಿದಳು. ಬಹಳ ದಿನಗಳ ಮೇಲೆ ನೇರವಾಗಿ ನೋಡಿದಳು. ಜಗಳವಾಡುತ್ತಾಳೆಂದು ವಸೀಲಾ ಕಾದಳು. ಆಡಲಿ ಎಂದು ಆಸೆಪಟ್ಟಳು. ಶಿರಾಜ್ ಕೋಟನ್ನು ಮೊಳೆಗೆ ತೂಗುಹಾಕಿ, ತೋಳು ಮಡಿಸಿಕೊಂಡು, ಮೇಜಿನ ಮೇಲಿದ್ದ ಸೊಪ್ಪಿನ ಕಂತೆ ಎಳೆದುಕೊಂಡಳು.

ಒಳಗಿನಿಂದ ಮನ್ನೂಬಿಯಾ ಕರೆದರು. "ಸಿಕ್ತೇನ್ರೇ? ನಾನು ಕಾಯ್ತಾ ಇದೀನಿ. ಹೋಗೋದ್ರ ಒಳಗೆ ಒಂದ್ಸಲ ಕೇಳ್ತೀನಿ."

ವಸೀಲಾಳ ಕೈಯಲ್ಲಿ ಎಣ್ಣೆ ಇನ್ನೂ ಅಂಟಿತ್ತು. "ಅವರಿಗೆ ಏನಂತ ಹೇಳ್ಲಿ?" ಎಂದಳು ಮೆಲ್ಲಗೆ.

"ಫೋನ್ ಕೆಟ್ಟಿದೆ ಅನ್ನು" ಎಂದಳು ಶಿರಾಜ್, ಸೊಪ್ಪಿನ ಎಲೆ ಬಿಡಿಸುತ್ತ. "ನೀನು ಹೇಳಿದ್ರೆ ಎಲ್ರೂ ನಂಬ್ತಾರೆ."